ಬಾರದ ಫೋನು ಕೇಳಿಸಿಕೊಂಡ ಮಾಸ್ತರರು

ಅವರ ಬಲಗಾಲಿನ ಹಿಮ್ಮಡಿ ಎಡಗಾಲಿನದಕ್ಕಿಂತ ಹೆಚ್ಚು ಒಡೆದಿತ್ತು. ಬಿರುಕುಗಳಲ್ಲಿ ಶಹಾಬಾದ್ ಕಲ್ಲಿನ ಬೂದುಬಣ್ಣ ಸೇರಿಕೊಂಡು, ಆ ಕಾಲನ್ನೂ ಅದೇ ಖಣಿಯಿಂದ ಎತ್ತಿ ತಂದಂತೆ ಕಾಣುತ್ತಿತ್ತು. ಕಾರಣ ಇಷ್ಟೇ: ಹಳಿಯ ಮೇಲೆ ಕೆಲಸದ ಮಂದಿ ಇಳಿದಿರುವಷ್ಟು ಹೊತ್ತು ನಮ್ಮ ಸ್ಟೇಷನ್ ಮಾಸ್ತರರು ಬಲಗಾಲಿಗೆ ಚಪ್ಪಲಿ ಹಾಕುತ್ತಿರಲಿಲ್ಲ. ಅದನ್ನು ಬಿಚ್ಚಿ ಮೇಜಿನ ಕೆಳಗೆ ತಳ್ಳಿ, ಬರಿಗಾಲನ್ನು ನೆಲದ ಕಲ್ಲಿಗೆ ಊರಿ ಕೂಡುತ್ತಿದ್ದರು. ಆ ಮಂದಿಯ ಮುಕಾದಮನಿಂದ ಫೋನು ಬಂದು, ಲೈನು ಖಾಲಿಯಾಯಿತೆಂದು ಖಾತ್ರಿಯಾದ ಮೇಲೆಯೇ ಕಾಲು ಚಪ್ಪಲಿಯೊಳಕ್ಕೆ ಹೋಗುತ್ತಿತ್ತು.

ಚಿತ್ತಾಪುರಕ್ಕೂ ಸೇಡಂಗೂ ನಡುವಿನ ಒಂದು ಸಣ್ಣ ಸ್ಟೇಷನ್ ಅದು. ನಾನು ಅಲ್ಲಿಗೆ ಕೆಲಸ ಕಲಿಯಲು ಹೋಗಿದ್ದೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ. ನನ್ನ ಚಿಂತೆಗೆ ಮಾತ್ರ ಅರವತ್ತು ದಾಟಿತ್ತು. ಬೀಗ ಹಾಕಿದ ಬಾಗಿಲನ್ನು ಮತ್ತೆ ಹೋಗಿ ಎಳೆದು ನೋಡುವವನು, ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ಓಡುವವನು. ಅಂಥವನ ಕೈಗೆ ಗಾಡಿಗಳನ್ನು ಕೊಟ್ಟರೆ ಏನಾಗಬಹುದು ಊಹಿಸಿ. ಮೊದಲ ವಾರವಿಡೀ, ಕೋಣೆಯೊಳಗಿನ ಸಿಗ್ನಲ್ ಪರದೆಯ ಮೇಲೆ ಕೆಂಪು ದೀಪ ಕಂಡರೂ, ಹೊರಗೆ ಹೋಗಿ ಕಂಬದ ಮೇಲಿನ ಸಿಗ್ನಲ್ಲನ್ನು ಕಣ್ಣಾರೆ ನೋಡಿ ಬರುತ್ತಿದ್ದೆ.

"ಏನ್ ತಮ್ಮಾ, ಮತ್ತ ಹೋಗಿ ನೋಡಿ ಬಂದಿ? ಸಿಗ್ನಲ್ ಅಲ್ಲೇ ಅದ ಇಲ್ಲ?" ಅಂದರು ಮಾಸ್ತರರು.

"ಅಲ್ಲೇ ಅದರಿ ಸರ್."

"ಯಾರೂ ಒಯ್ದಿಲ್ಲಂದ್ರ ಕುಂದ್ರು. ಚಾ ಆರ್ಲಿಕತ್ತದ."

ನಾನು ನಾಚಿಕೊಂಡದ್ದನ್ನು ನೋಡಿ ಅವರೇ ಮುಂದುವರಿಸಿದರು: "ನಾಚ್ಕೋಬ್ಯಾಡ. ಈ ರೂಮಿನಾಗ ಹೆದರಾಂವ ಒಬ್ಬನರೆ ಇರಬೇಕು. ನಿನಗ ಸಂಶಯ ಬಂದ್ರ ಬಾಯಿಬಿಟ್ಟು ಹೇಳು. ನಾ ಬೈತೀನಿ, ಬೈಸ್ಕೋ. ಬೈಸ್ಕೊಂಡು ಯಾರೂ ಸತ್ತಿಲ್ಲ."

ಅವರು ಚಿಂಚೋಳಿ ಕಡೆಯವರು. ಹಣೆಯ ತುಂಬ ವಿಭೂತಿ, ಮಾತಿನಲ್ಲಿ ಅರ್ಧ ದಖನಿ, ಅಲ್ಲೊಂದು ಇಲ್ಲೊಂದು ತೆಲುಗು. ತಮ್ಮನ್ನು ತಾವೇ 'ಖಯಾಲಿ ಮನಷ್ಯಾ' ಎಂದು ಕರೆದುಕೊಳ್ಳುತ್ತಿದ್ದರು, ಅಂದರೆ ಕೂತಲ್ಲಿಯೇ ಎಲ್ಲಿಗೋ ಹೋಗಿಬಿಡುವವರು. ಅದು ಸುಳ್ಳಲ್ಲ. ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕುತ್ತಿದ್ದರು. ಮೂಗಿನ ಮೇಲಿನ ಕನ್ನಡಕವನ್ನು ಮೇಜಿನಲ್ಲೆಲ್ಲ ಹುಡುಕುತ್ತಿದ್ದರು. ಗಾಡಿ ದಾಟಿಹೋದ ಮೇಲೆ ಹಸಿರು ಬಾವುಟ ಹಿಡಿದು, ಅದರ ಬಾಲ ಕರಗಿದ ದಿಕ್ಕನ್ನೇ ನೋಡುತ್ತ ನಿಲ್ಲುತ್ತಿದ್ದರು.

ಹಾಗೆ ನಿಲ್ಲುವಂಥದ್ದೇ ಆ ಜಾಗ. ವಾಡಿಯಿಂದ ಕೋಡ್ಲಾದವರೆಗೂ ಗಾಳಿಯಲ್ಲಿ ಸಿಮೆಂಟ್ ಕಾರ್ಖಾನೆಗಳ ಸುಣ್ಣದ ಹುಡಿ. ಬೇವಿನ ಎಲೆ ಬಿಳಿ, ಹೆಂಚು ಬಿಳಿ, ಪ್ಲಾಟ್‌ಫಾರ್ಮಿನ ನಾಯಿಯ ಬೆನ್ನೂ ಬಿಳಿ. ಬೇಸಿಗೆಯ ಮಧ್ಯಾಹ್ನ ಹಳಿಗಳು ಕರಗಿ ನೀರಾಗುತ್ತಿದ್ದವು. ದೂರದಲ್ಲಿ ಕೆಲಸ ಮಾಡುವ ಮಂದಿ ಮೊಣಕಾಲುದ್ದ ಕೆರೆಯಲ್ಲಿ ನಿಂತಂತೆ ತೇಲುತ್ತಿದ್ದರು. ಅವರು ಎತ್ತಿದ ಸುತ್ತಿಗೆ ಮೊದಲು ಕೆಳಗಿಳಿದು, ಸದ್ದು ಆಮೇಲೆ ಯಾವುದೋ ಬೇರೆ ಊರಿನಿಂದ ಬಂದಂತೆ ನಮ್ಮನ್ನು ಮುಟ್ಟುತ್ತಿತ್ತು.

ಚಪ್ಪಲಿಯ ವಿಷಯ ಕೇಳಿದ್ದೆ ಒಂದು ದಿನ. ಕೆಲಸ ನಡೆಯುವಾಗ ಆ ಹಳಿಗೆ ಗಾಡಿ ಬಿಡದಂತೆ ತಡೆಹಿಡಿಯುವುದಕ್ಕೆ ನಮ್ಮಲ್ಲಿ ಬ್ಲಾಕ್ ಎನ್ನುತ್ತಾರೆ. ಬ್ಲಾಕ್ ಕೊಟ್ಟ ಹಳಿಯ ಸಿಗ್ನಲ್ ಗುಂಡಿಯ ಮೇಲೆ, ಮರೆತು ಒತ್ತಬಾರದೆಂದು ಒಂದು ಕೆಂಪು ಮುಚ್ಚಳ, ನಮ್ಮ ಬಾಯಲ್ಲಿ ಟೋಪಿ, ಹಾಕಬೇಕು. ಕೆಲಸ ಮುಗಿದಾಗ ಮುಕಾದಮ ಫೋನು ಮಾಡಿ ಒಂದು ಗುಪ್ತ ನಂಬರು ಹೇಳಬೇಕು. ಇಷ್ಟೆಲ್ಲ ಇರುವಾಗ ಚಪ್ಪಲಿ ಯಾಕೆ?

"ಟೋಪಿ ನೋಡ್ಲಿಕ್ಕ ಕಣ್ಣು ಬೇಕು, ನಂಬರ್ ಕೇಳ್ಲಿಕ್ಕ ಕಿವಿ ಬೇಕು," ಅಂದರು. "ಎರಡೂ ನನ್ನ ಖಯಾಲಿ ತಲೀಗಿ ಅಂಟ್ಕೊಂಡಾವ. ಕಾಲು ದೂರ ಅದ ನೋಡು, ಅದಕ್ಕ ಅದರ ಮ್ಯಾಲ ಭರೋಸಾ."

ಮುಕಾದಮ ಇದನ್ನು ಬಿಡುತ್ತಾನೆಯೇ? ಹಳಿ ಕೆಲಸದ ತಂಡದ ಮುಖಂಡ ಅವನು; ಚಿತ್ತಾಪುರದ ಹತ್ತಿರದ ಹಳ್ಳಿಯವನು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. "ಮಾಸ್ತರ, ಮುಂದಿನ ವಾರ ಎರಡೂ ಲೈನಿಗಿ ಬ್ಲಾಕ್ ಅದ. ಏನೇನ್ ಬಿಚ್ಚಿ ಕುಂದರ್ತೀರಿ, ಮದ್ಲೇ ಹೇಳ್ರಿ. ಹೆಣ್ಣಾಳು ಬರ್ತಾವ ನಮ್ ಜೋಡಿ," ಎಂದು ಬಾಗಿಲಲ್ಲಿ ನಿಂತು ಕೂಗಿ, ನಾಯಿಯೂ ಎದ್ದು ಹೋಗುವಂತೆ ನಗುತ್ತಿದ್ದ.

ಆ ಬೇಸಿಗೆಯಲ್ಲಿ ಮಾಸ್ತರರ ಹೆಂಡತಿಯನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದರು. ಇವರು ರಾತ್ರಿಯೆಲ್ಲ ಅಲ್ಲಿಯ ಬೆಂಚಿನ ಮೇಲೆ ಕೂತು, ಬೆಳಗಿನ ಗಾಡಿಗೆ ನೇರ ಡ್ಯೂಟಿಗೆ ಬರುತ್ತಿದ್ದರು. ರಜೆ ಕೇಳಿದರೆ ಬದಲಿ ಜನ ಇರಲಿಲ್ಲ. ಇವರೂ ಒತ್ತಿ ಕೇಳಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಹಳಿ ಬದಲಿಸಲು ಬ್ಲಾಕ್ ಕೊಟ್ಟಿತ್ತು. ಕೆಲಸ ಎಳೆಯಿತು. ಹಿಂದಿನ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಯೊಂದು ಕಾಯುತ್ತ ನಿಂತಿತ್ತು. ಗಾಡಿಗಳ ಓಡಾಟ ನಿಯಂತ್ರಿಸುವ ಕಂಟ್ರೋಲಿನವರು ಮತ್ತೆ ಮತ್ತೆ ಫೋನು ಮಾಡಿ, "ಆಯ್ತೇನ್ರಿ? ಇನ್ನಾ ಎಷ್ಟೊತ್ತರಿ?" ಎಂದು ಕೇಳುತ್ತಲೇ ಇದ್ದರು. ಮಾಸ್ತರರು ಮುಕಾದಮನನ್ನು ಕೇಳಿದರು. ಅವನು, ಆದ ಕೂಡಲೇ ತಾನೇ ಮಾಡುತ್ತೇನೆ, ಗಡಬಡಿ ಮಾಡಬೇಡಿ ಎಂದ. ಆಮೇಲೆ ಎಲ್ಲವೂ ಸುಮ್ಮನಾಯಿತು. ಫ್ಯಾನು ತಿರುಗುತ್ತಿತ್ತು. ಕಿಟಕಿಯಾಚೆಯ ಬೆಳಕು ಹಾಲಿನಂತೆ ದಪ್ಪವಾಗಿತ್ತು. ಮಾಸ್ತರರ ಕಣ್ಣು ತೆರೆದೇ ಇತ್ತು, ಫೋನಿನ ಮೇಲೆ. ಆದರೆ ಅದರೊಳಗೆ ಅವರು ಇದ್ದರೋ ಇಲ್ಲವೋ, ನನಗೆ ಈಗಲೂ ಹೇಳಲಾಗದು.

ಒಮ್ಮೆಲೇ ಎದ್ದರು. "ಮುಕಾದಮ ಹೇಳಿದ, ಲೈನ್ ಖಾಲಿ," ಅಂದರು. ನಂಬರನ್ನೂ ಹೇಳಿದರು, ಸ್ಪಷ್ಟವಾಗಿ. ದನಿಯಲ್ಲಿ ಒಂದು ಬಿರುಕಿಲ್ಲ. ನಡೆದು ಹೋಗಿ ಕೆಂಪು ಟೋಪಿಗೆ ಕೈ ಹಾಕಿದರು. ಅದನ್ನು ತೆಗೆದು ಗುಂಡಿ ಒತ್ತಿದರೆ ಆಚೆಯ ಗಾಡಿ ಹೊರಡುತ್ತಿತ್ತು.

ನನಗೆ ಫೋನು ಕೇಳಿಸಿರಲಿಲ್ಲ.

ಚಿಂತೆ ಮಾಡುವವನ ಕಷ್ಟವೇ ಇದು: ಅವನು ಮೊದಲು ಸಂಶಯಪಡುವುದು ತನ್ನ ಮೇಲೆಯೇ. ನಾನು ನೀರು ಕುಡಿಯಲು ಹೋದಾಗ ಫೋನು ಬಂದಿತ್ತೇ? ನೀರು ಕುಡಿಯಲು ಹೋಗಿದ್ದೆನೇ? ಇಷ್ಟು ವರ್ಷ ಗಾಡಿ ದಾಟಿಸಿದ ಮನುಷ್ಯನಿಗೆ, ಗ್ಯಾಸಿನ ಕಿವಿ ತಿರುವಿದ್ದು ನೆನಪಿರದ ನಾನು ಏನು ಹೇಳಲಿ? ಕಡೆಗೆ ಹೊರಬಿದ್ದ ದನಿ ಕುರಿಮರಿಯದು:

"ಸರ್... ಫೋನ್ ಬಂದದ್ದು ನಂಗ ಕೇಳ್ಲಿಲ್ಲರಿ."

ಕೈ ಟೋಪಿಯ ಮೇಲೆಯೇ ನಿಂತಿತು. ಬೈಯುತ್ತಾರೆಂದು ಕಾದೆ. ಅವರು ತಲೆ ಬಗ್ಗಿಸಿ ತಮ್ಮ ಕಾಲು ನೋಡಿಕೊಂಡರು. ಬಲಗಾಲು ಬರಿಗಾಲಾಗಿಯೇ ಕಲ್ಲಿನ ಮೇಲಿತ್ತು.

ಮೆಲ್ಲಗೆ ಕೈ ತೆಗೆದು, ಹಿಂದಕ್ಕೆ ಸರಿದು, ಫೋನು ಎತ್ತಿದರು. ಮುಕಾದಮನ ದನಿ ನನಗೂ ಕೇಳಿಸಿತು: "ಎಲ್ಲೀ ಖಾಲಿರಿ ಮಾಸ್ತರ? ಹಳೀನೇ ಬಿಚ್ಚಿ ಬಾಜೂಕ ಇಟ್ಟೀವಿ! ಮಂದಿ ಎಲ್ಲಾ ನಡುವೇ ಕುಂತದ. ನಾ ಯಾವಾಗ ಫೋನ್ ಮಾಡಿದ್ನಿ?"

ಮಾಸ್ತರರು ಕುಸಿಯಲಿಲ್ಲ, ಅಳಲಿಲ್ಲ. ಕಂಟ್ರೋಲಿಗೆ ಫೋನು ಹಚ್ಚಿದರು. "ಸಾಹೇಬ್ರ, ಬದಲಿ ಮನಷ್ಯಾನ್ನ ಕಳಸ್ರಿ. ನನ್ನ ತಲೀ ಸರಿ ಇಲ್ಲ. ಕುಂತಲ್ಲೇ ಕನಸ ಕಂಡೀನಿ, ಕನಸಿನ ಮಾತು ಕೇಳಿ ಗಾಡಿ ಬಿಡಾಂವಿದ್ದೆ."

ಆ ಕಡೆ ಮೊದಲು ನಗು. ಆಮೇಲೆ ದನಿ ತಗ್ಗಿತು: "ಏನೂ ಆಗಿಲ್ಲಲ್ರಿ, ಬಿಡ್ರಿ ಅತ್ಲಾಗ. ಮುಂದ ಕೆಂಪು ಬಾವುಟ ಹಿಡ್ದಾಂವ ಇದ್ದೇ ಇರ್ತಿದ್ದ. ಸುಮ್ನ ಯಾಕ ಮೈಮ್ಯಾಲ ಎಳ್ಕೋತೀರಿ?"

"ಬಾವುಟ ಹಿಡ್ದಾಂವನೂ ಮನಷ್ಯಾನೇ ಅಲ್ರಿ? ಅವಗೂ ನಿದ್ದಿ ಬರ್ತದ," ಅಂದರು ಮಾಸ್ತರರು. "ಏನೂ ಆಗಿಲ್ಲ ಅಂತೇ ಹೇಳ್ಲಿಕತ್ತೀನಿ. ಆದಮ್ಯಾಲ ಹೇಳ್ಲಿಕ್ಕ ಭಾಳ ಮಂದಿ ಬರ್ತಾರ."

ವಾಡಿಯಿಂದ ಬದಲಿ ಬರುವವರೆಗೂ ಎಲ್ಲವನ್ನೂ ನಿಲ್ಲಿಸಿ, ಇಬ್ಬರೂ ಕೈಕಟ್ಟಿ ಕೂತೆವು. ಪ್ಯಾಸೆಂಜರ್ ಗಾಡಿಯ ಜನ ನಮ್ಮನ್ನು ಎಷ್ಟು ಶಪಿಸಿದರೋ. ಒಮ್ಮೆ ಮಾತ್ರ ಅವರು ತಮ್ಮಷ್ಟಕ್ಕೇ ಅಂದರು: "ಅವನ ದನಿನೇ ಇತ್ತು ತಮ್ಮಾ. ಹಿಂದ ಸುತ್ತಿಗಿ ಸಪ್ಪಳ ಸೈತ ಕೇಳ್ತು. ಕನಸು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡ್ತದ ಅಂತ ಗೊತ್ತಿದ್ದಿಲ್ಲ."

ನಾನಾಗಿದ್ದರೆ ಅಲ್ಲಿಂದ ನೇರ ಮನೆಗೆ ಹೋಗಿ ಹೊದ್ದು ಮಲಗುತ್ತಿದ್ದೆ. ಅವರು ಸಂಜೆ ಕೆಲಸ ಮುಗಿಸಿ ಬಂದ ತಂಡದ ಎದುರು ಹೋಗಿ ನಿಂತರು. ಎಲ್ಲರೂ ನಲ್ಲಿಯ ಬಳಿ ಕೈಕಾಲು ತೊಳೆಯುತ್ತಿದ್ದರು. "ಇವತ್ತ ನಿಮ್ಮ ಮ್ಯಾಲ ಗಾಡಿ ಬಿಡಾಂವಿದ್ದೆ," ಅಂದರು, ಸುತ್ತುಬಳಸದೆ. ಏನಾಯಿತೆಂದು ಪೂರ್ತಿ ಹೇಳಿದರು.

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಒಬ್ಬ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡವಳು ಸೆರಗು ಇಳಿಸಲೇ ಇಲ್ಲ. ಮುಕಾದಮ ಕೈ ಚಾಚಿ ನಲ್ಲಿ ನಿಲ್ಲಿಸಿದ. ಆಮೇಲೆ, "ಕನಸಿನಾಗ ಬಂದಾಂವ ನಾನೇ ಏನ್ರಿ?" ಅಂದ.

"ನೀನೇ."

"ನಿಮ್ ಮನ್ಯಾಗ ಅಕ್ಕೋರು ಆಸ್ಪತ್ರ್ಯಾಗ ಇದ್ದಾಗ, ಕನಸಿನಾಗ ಈ ಹೊಟ್ಟಿ ಬರ್ತದಂದ್ರ, ಮಾಸ್ತರ, ನಿಮಗ ಖರೇನೇ ಡಾಕ್ಟರ್ ಬೇಕು."

ನಗಲು ಯಾರಿಗೂ ಆಗಲಿಲ್ಲ, ನಗದೆ ಇರಲೂ ಆಗಲಿಲ್ಲ. ಮುಕಾದಮ ಒದ್ದೆ ಕೈಯಿಂದಲೇ ಅವರ ಕೈ ಹಿಡಿದುಕೊಂಡಿದ್ದ. ಬಿಡಲಿಲ್ಲ.

ಹೇಳಿದ್ದರಿಂದ ಅವರಿಗೆ ನಷ್ಟವೇ ಆಯಿತು. ಗಾಡಿ ಬಿಡುವ ಕೆಲಸದಿಂದ ತೆಗೆದು, ಪರೀಕ್ಷೆ, ವಿಚಾರಣೆ ಎಂದು ಅಲೆದಾಡಿಸಿದರು. ಲೈನಿನ ಉದ್ದಕ್ಕೂ 'ಕನಸಿನ ಮಾಸ್ತರ' ಎಂಬ ಹೆಸರು ಬಿತ್ತು. ಮತ್ತೆ ಕೆಲಸಕ್ಕೆ ಮರಳಿದಾಗ ಮಳೆಗಾಲ ಹಿಡಿದಿತ್ತು, ಮನೆಯವರು ಗುಣವಾಗಿ ಬಂದಿದ್ದರು. ಅಂದಿನಿಂದ ಮುಕಾದಮ ಒಂದು ಹೊಸ ಪದ್ಧತಿ ತಂದ. ಲೈನು ಖಾಲಿ ಎಂದು ಹೇಳುವ ಮುಂಚೆ ಅಂದು ತಾನು ತಂದ ಬುತ್ತಿ ಯಾವುದೆಂದು ಹೇಳುತ್ತಿದ್ದ. "ಮಾಸ್ತರ, ಇವತ್ತ ಪುಂಡಿಪಲ್ಯಾ, ಜ್ವಾಳದ ರೊಟ್ಟಿ. ಖಾರ ಹೆಚ್ಚಾಗ್ಯಾದ." ಇವರು ಅದನ್ನು ತಿರುಗಿ ಹೇಳುತ್ತಿದ್ದರು. ನಂಬರು ಆಮೇಲೆ. "ಕನಸಿಗಿ ನಮ್ ಹೇಂತಿ ಕೈ ಖಾರ ಏನ್ ಗೊತ್ತಿರ್ತದರಿ?" ಎಂಬುದು ಅವನ ವಾದ. ಯಾವ ನಿಯಮದಲ್ಲೂ ಇಲ್ಲದ್ದು. ಮಾಸ್ತರರು ನಿವೃತ್ತರಾಗುವವರೆಗೂ ನಡೆಯಿತು.

ಅವರು ಊರಿಗೆ ಹೋಗಿ ನೆಲೆಸಿದ ಮೇಲೆ ನಾನು ಆಗಾಗ ಫೋನು ಮಾಡುತ್ತಿದ್ದೆ, ಹೆಚ್ಚಾಗಿ ನನ್ನ ಯಾವುದಾದರೂ ಹೊಸ ಭಯ ಒಪ್ಪಿಸಲು. "ಇನ್ನಾ ಹೆದರ್ತಿ ಇಲ್ಲ? ಶಾಣ್ಯಾ," ಎನ್ನುತ್ತಿದ್ದರು, ಬಡ್ತಿ ಸಿಕ್ಕಿತೇ ಎಂದು ಕೇಳುವವರ ಉತ್ಸಾಹದಲ್ಲಿ.

ಹೋದ ವರ್ಷ ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಹಳಿಯ ಮೇಲೆ ಮಂದಿ ಇದ್ದರು. ಮೊಬೈಲು ಕೆಳಗಿಟ್ಟು ಪರದೆಯತ್ತ ನೋಡಿದೆ. ದೀಪಗಳು ಕಂಡವು, ಅರ್ಥ ಮಾತ್ರ ಹತ್ತಿರ ಬರಲಿಲ್ಲ. ಎಲ್ಲವೂ ನೀರಿನ ತಳದಲ್ಲಿತ್ತು. ಆ ಕ್ಷಣದಲ್ಲಿ ಯಾರು ಏನು ಹೇಳಿದರೂ ನಾನು ನಂಬುತ್ತಿದ್ದೆ, ಯಾರೂ ಹೇಳದಿದ್ದರೂ. ಕಂಟ್ರೋಲಿಗೆ ಫೋನು ಮಾಡಿದೆ. ಜೀವಮಾನದಲ್ಲಿ ಮೊದಲ ಸಲ ಬದಲಿ ಕೇಳಿದೆ.

"ಬದಲಿ ಕಳಸ್ರಿ. ನನ್ನ ತಲೀ ಸರಿ ಇಲ್ಲ."

ಯಾವುದೋ ಹೊಸ ದನಿ. ನಗಲಿಲ್ಲ, ಕಾರಣವನ್ನೂ ಕೇಳಲಿಲ್ಲ. "ಹಾಂ ಸರ್, ಕಳಸ್ತೀನಿ. ಬರೂತನ ಏನೂ ಮುಟ್ಟಬ್ಯಾಡ್ರಿ," ಎಂದಿತು.

ಬದಲಿ ಬರುವುದು ತಡವಾಯಿತು. ಅವರ ಕೈಗೆ ಎಲ್ಲವನ್ನೂ ಒಪ್ಪಿಸಿ, ಲೈನು ಖಾಲಿಯಾದದ್ದನ್ನೂ ಕಣ್ಣಾರೆ ನೋಡಿಯೇ ಹೊರಟೆ, ಅಭ್ಯಾಸ ಬಿಡುವುದಿಲ್ಲ. ಸೇಡಂನಲ್ಲಿ ಬಸ್ಸು ಬದಲಿಸಿ, ಚಿಂಚೋಳಿ ದಾಟಿ ಅವರ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದುಹೋಗಿತ್ತು. ಹೊಲದಿಂದ ಮರಳಿದವರ ಕಾಲುಗಳಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಮಾಸ್ತರರ ಮನೆಯವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ನಿನ್ನ ದಾರಿ ಭಾಳ ನೋಡಿದ್ವಿ ತಮ್ಮಾ," ಅಂದರು. "ಹೊತ್ತು ಮುಳುಗ್ತದಂತ ಮಂದಿ ಅವಸರ ಮಾಡಿದ್ರು. ಕಡೀ ಮಾರಿ ಸಿಗಲಿಲ್ಲ ನಿನಗ."

"ತಡ ಆತ್ರಿ ಅಕ್ಕೋರ. ಹಳಿ ಮ್ಯಾಲ ಮಂದಿ ಇತ್ತು," ಎಂದೆ. ಬೇರೆ ಮಾತು ಸಿದ್ಧವಿತ್ತು, ಬಾಯಿಗೆ ಬಂದದ್ದು ಇಷ್ಟೇ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಇಷ್ಟು ವರ್ಷ, ಡ್ಯೂಟಿ ಮುಗಿಸಿ ಹೊಸ್ತಿಲು ದಾಟಿದ ಗಂಡನನ್ನು ಮೊದಲು ಕೇಳುತ್ತಿದ್ದುದು ಈ ಪ್ರಶ್ನೆಯನ್ನೇ ಇರಬೇಕು. ದನಿ ಅಷ್ಟು ಸಹಜವಾಗಿತ್ತು.

"ಎಲ್ಲಾರೂ ಮನೀ ಮುಟ್ಟಿದ್ರೇನು?"

"ಮುಟ್ಟಿದ್ರರಿ."

"ಹಂಗಾರ ಕುಂದ್ರು," ಅಂದರು, ಪಕ್ಕದ ಚಾಪೆ ತೋರಿಸಿ.