ಯಾರಿಗೂ ಬೇಡವಾದವರ ಪಟ್ಟಿ

ಅಕ್ಟೋಬರ್ ಕೊನೆಯಲ್ಲಿ ಡೆಲ್ಬರ್ಟ್ ಉನ್ರೂ ತನ್ನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ಹೊಸ ನಿಯಮವೊಂದನ್ನು ಬರೆದು ಅಂಟಿಸಿದ: ಸತತ ಮೂರು ವರ್ಷ ಕೊನೆಗೆ ಬಂದವರು ತಮ್ಮ ಕುರ್ಚಿ ಬಿಟ್ಟುಕೊಡಬೇಕು. ಯಾರ ಹೆಸರನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ರೋಸನ್‌ಫೆಲ್ಡ್ ಊರಿನ ಹನ್ನೆರಡು ಮಂದಿಯ ಬೇಸ್‌ಬಾಲ್ ಕೂಟದಲ್ಲಿ ಕಳೆದೆರಡು ವರ್ಷವೂ ಕೊನೆಗೆ ಬಂದವಳು ಲವಾನ್ ಶ್ರಾಗ್ ಒಬ್ಬಳೇ.

ಆ ಕೂಟದ ಆಟ ಮೈದಾನದ್ದಲ್ಲ, ಕಾಗದದ್ದು. ಮಾರ್ಚ್ ತಿಂಗಳ ಕೊನೆಯ ಶನಿವಾರ ಹನ್ನೆರಡು ಜನ ಇದೇ ಕೋಣೆಯ ಮೇಜಿನ ಸುತ್ತ ಕೂತು, ದೇಶದ ದೊಡ್ಡ ತಂಡಗಳ ಆಟಗಾರರನ್ನು ಸರದಿಯ ಮೇಲೆ ಒಬ್ಬೊಬ್ಬರನ್ನಾಗಿ ತಮ್ಮ ಪಟ್ಟಿಗೆ ಎಳೆದುಕೊಳ್ಳುವರು. ಒಬ್ಬರು ಹೆಸರು ಹೇಳಿದರೆ ಆ ಆಟಗಾರ ಮಿಕ್ಕವರಿಗಿಲ್ಲ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಆ ಆಟಗಾರರು ನಿಜದ ಮೈದಾನದಲ್ಲಿ ಹೊಡೆದದ್ದು, ಓಡಿದ್ದು, ಎಸೆದದ್ದೆಲ್ಲ ಇವರ ಅಂಕ. ಗೆದ್ದವರ ಮನೆಯ ಗೋಡೆಯಲ್ಲಿ ಹಳೆಯ ಟ್ರ್ಯಾಕ್ಟರೊಂದರ ಕಬ್ಬಿಣದ ಸೀಟು ಒಂದು ವರ್ಷ ನೇತಾಡುತ್ತದೆ. ಅದೇ ಬಹುಮಾನ.

ಲವಾನಳಿಗೆ ಆಗ ಐವತ್ತೇಳು. ಊರಿನ ಸಹಕಾರ ಸಂಘದ ಗೋಧಿ ಉಗ್ರಾಣದಲ್ಲಿ ಕಾಳು ಪರೀಕ್ಷಿಸುವ ಕೆಲಸ. ಟ್ರಕ್ ಬಂದರೆ ಅದರೊಳಗೆ ಉದ್ದನೆಯ ಕೊಳವೆ ಚುಚ್ಚಿ ತೆಗೆದ ಗೋಧಿಯ ತೇವ, ತೂಕ, ಹುಳು, ಕಸ ನೋಡಿ ದರ್ಜೆ ಬರೆಯಬೇಕು. ಈ ಕೆಲಸದಲ್ಲಿ ಅವಳ ಮಾತಿಗೆ ಎದುರಾಡಿದ ರೈತನಿಲ್ಲ. ಆದರೆ ಆಟಗಾರರನ್ನು ಆರಿಸುವಾಗ ಮಾತ್ರ ಅವಳು ತನ್ನ ಕಣ್ಣನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಕಾನ್ಸಾಸ್ ಸಿಟಿ ತಂಡದ ಹುಡುಗರೆಂದರೆ ಪ್ರಾಣ. ಅದರಲ್ಲೂ ಟ್ರಾವಿಸ್ ಹೆನ್ಸ್ಲಿ ಎಂಬ ಹಳಬನನ್ನು ಒಂಬತ್ತು ವರ್ಷ ಎರಡನೇ ಸರದಿಯಲ್ಲೇ ತೆಗೆದುಕೊಂಡಿದ್ದಳು. ಅವನ ಬ್ಯಾಟು ಸೊರಗಿದ ಮೇಲೂ ಬಿಟ್ಟಿರಲಿಲ್ಲ.

ನಿಯಮ ಓದಿ ಮನೆಗೆ ಬಂದವಳು ಗಂಡನಿಗೆ ಹೇಳಿದಳು. ಜೀನ್ ಬಡಗಿ, ಬೇಸ್‌ಬಾಲ್ ಅಂದರೆ ನಿದ್ದೆ ಬರುವ ಜಾತಿಯವನು.

"ಹೋಗ್ಲಿ ಬಿಡೇ. ಚರ್ಚಿನಲ್ಲಿ ಕೌದಿ ಹೊಲಿಯೋ ಗುಂಪಿನವರು ನಿನ್ನ ಎಷ್ಟು ಸಲ ಕರ್ದಿಲ್ಲ?"

"ಕೌದಿ ಹೊಲಿಯೋಕೆ ಕರೀತಾರೆ, ಅಡಿಗೆ ಮಾಡೋಕೆ ಕರೀತಾರೆ, ಹಾಡೋಕೆ ಕರೀತಾರೆ. ಈ ಊರಲ್ಲಿ ನಾನು ಕಡುಬು ತರದೇ ಹೋಗಿ ಕೂತ್ಕೊಳ್ಳೋ ಮೇಜು ಅಂತ ಇರೋದು ಅದೊಂದೇ ಜೀನ್. ಡೆಲ್ಬರ್ಟನ ಅಳಿಯನಿಗೆ ಜಾಗ ಬೇಕಂತೆ, ಅದಕ್ಕೆ ಈ ನಿಯಮ. ನಾನು ಏಳೋಳಲ್ಲ."

ಜೀನ್ ಎದ್ದು ಊಟದ ಮೇಜಿನ ಅರ್ಧ ಭಾಗವನ್ನು ತೆರವು ಮಾಡಿಕೊಟ್ಟ. ಆ ಅರ್ಧ ಮಾರ್ಚ್‌ವರೆಗೂ ಅವನಿಗೆ ವಾಪಸ್ ಸಿಗಲಿಲ್ಲ.

ಮೊದಲ ಎರಡು ವಾರ ಅವಳು ಎಲ್ಲರೂ ಮಾಡುವುದನ್ನೇ ಮಾಡಿದಳು. ಹೋದ ವರ್ಷ ಚೆನ್ನಾಗಿ ಆಡಿದವರನ್ನು ಮೇಲೆ, ಕೆಟ್ಟವರನ್ನು ಕೆಳಗೆ ಬರೆದಳು. ಬರೆದ ಮೇಲೆ ನೋಡಿದರೆ ಅದು ಕೂಟದವನೇ ಆದ ಕ್ಷೌರಿಕ ವೆಂಡೆಲ್ ಕೌಫ್‌ಮನ್ ಪೇಪರಿನಿಂದ ಕತ್ತರಿಸಿಟ್ಟುಕೊಳ್ಳುವ ಪಟ್ಟಿಯ ತದ್ರೂಪು. ಇದರಿಂದ ಪ್ರಯೋಜನವಿಲ್ಲ ಎಂದು ಹರಿದು ಹಾಕಿದಳು. ಹೋದ ವರ್ಷ ಕೆಟ್ಟವರೆನಿಸಿಕೊಂಡವರು ಯಾಕೆ ಕೆಟ್ಟರು ಎಂದು ಒಬ್ಬೊಬ್ಬರನ್ನಾಗಿ ಕೆದಕತೊಡಗಿದಳು.

ಕೆದಕಿದಷ್ಟೂ ರುಚಿ ಹತ್ತಿತು. ಕೆಲ್ವಿನ್ ಮೂಟ್ರಿ ಎಂಬುವನ ಬ್ಯಾಟಿಂಗ್ ಅಂಕಿಗಳು ನೆಲಕಚ್ಚಿದ್ದವು. ಆದರೆ ಅವನು ಹೊಡೆದ ಚೆಂಡುಗಳ ವೇಗ ಒಂದಿಷ್ಟೂ ಇಳಿದಿರಲಿಲ್ಲ. ನೆಟ್ಟಗೆ ಎದುರಾಳಿಗಳ ಕೈಗೇ ಹೋಗಿ ಬಿದ್ದಿದ್ದವು, ಅಷ್ಟೆ. ವಿಕೆಟ್ ಕೀಪರಿನಂತೆ ಹಿಂದೆ ಕೂರುವ ನಿಕ್ ಸಬಟಿನೊ ಜೂನಿನಲ್ಲಿ ಬೆರಳು ಮುರಿದುಕೊಂಡು ಋತು ಮುಗಿಯುವವರೆಗೆ ಯಾರಿಗೂ ಹೇಳದೆ ಆಡಿದ್ದ. ಮುರಿಯುವ ಮುಂಚಿನ ಎರಡು ತಿಂಗಳು ಅವನಿಗೆ ಸಮಾನರಿರಲಿಲ್ಲ. ಮತ್ತೊಬ್ಬನನ್ನು ಎಡಗಡೆಯ ಬೇಲಿ ಹತ್ತಿರವಿರುವ ಮೈದಾನದ ತಂಡ ಕೊಂಡಿತ್ತು. ಅವನ ಹೊಡೆತಗಳೆಲ್ಲ ಎಡಕ್ಕೇ ಹೋಗುವಂಥವು, ಇನ್ನು ಸುಲಭವಾಗಿ ಬೇಲಿ ದಾಟುತ್ತವೆ. ಇಂಥವರ ಹೆಸರುಗಳನ್ನು ಅವಳು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಳು.

ಒಳ್ಳೆಯವರನ್ನು ಗುರುತಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಅವರನ್ನು ಯಾವ ಸರದಿಯಲ್ಲಿ ಕೇಳಬೇಕೆಂದೂ ಗೊತ್ತಿರಬೇಕು. ಬೇಗ ಕೇಳಿದರೆ ದಂಡ, ತಡವಾದರೆ ಪಕ್ಕದವನ ಪಾಲು. ಲವಾನ್ ಯಾವ ಕಾಗದವನ್ನೂ ಎಸೆಯುವವಳಲ್ಲ. ಅಡಿಗೆ ಚೀಟಿಗಳನ್ನಿಡುವ ತಗಡಿನ ಡಬ್ಬದಲ್ಲಿ ಹದಿನೆಂಟು ವರ್ಷದ ಆಯ್ಕೆಪಟ್ಟಿಗಳಿದ್ದವು. ಅವನ್ನೆಲ್ಲ ಹರವಿಕೊಂಡು ತನ್ನ ಹನ್ನೊಂದು ಜನ ಗೆಳೆಯರನ್ನು ಓದಿದಳು. ವೆಂಡೆಲ್ ಪೇಪರ್ ಬಿಟ್ಟು ಅತ್ತಿತ್ತ ನೋಡುವುದಿಲ್ಲ. ಶಾಲೆಯ ಬಸ್ ಓಡಿಸುವ ವರ್ಲಿನ್‌ಗೆ ಇಪ್ಪತ್ತಮೂರು ದಾಟಿದವರು ಮುದುಕರು. ಡೆಲ್ಬರ್ಟ್ ಮೊದಲ ಹತ್ತು ಸರದಿ ಹುಲಿ, ಆಮೇಲೆ ಬೇಸರ ಬಂದು ಕೈಗೆ ಸಿಕ್ಕವರನ್ನು ಹೇಳುತ್ತಾನೆ. ಹದಿಮೂರನೇ ಸರದಿಯ ಹೊತ್ತಿಗೆ ಮೇಜಿನ ಮೇಲೆ ಬಿರಾಕ್ ಬರುತ್ತದೆ, ಎಲೆಕೋಸು ಮಾಂಸ ತುಂಬಿದ ಬಿಸಿ ಬನ್ನು. ಆಮೇಲೆ ಯಾರ ತಲೆಯೂ ಓಡುವುದಿಲ್ಲ. ಅವಳಿಗೆ ನಗು ಬಂತು. ಹದಿನೆಂಟು ವರ್ಷ ತಾನೂ ಅದನ್ನೇ ಮಾಡಿದ್ದಳಲ್ಲ.

ಉಗ್ರಾಣದಲ್ಲಿ ಅವಳ ಜೊತೆ ಕೆಲಸ ಮಾಡುವವನು ತೆರೆಸೊ ಆರ್ಮೆಂಟಾ. ಟ್ರಕ್ಕಿನ ಮೇಲೆ ಹತ್ತಿ ಕೊಳವೆ ಚುಚ್ಚುವವನು. ಮೆಕ್ಸಿಕೋದ ಸೊನೋರಾ ಸೀಮೆಯವನು, ಊರು ನವೊಹೊವಾ. ಆರು ವರ್ಷ ಒಟ್ಟಿಗೆ ದುಡಿದರೂ ಅವನಿಗೆ ಬೇಸ್‌ಬಾಲ್ ಹುಚ್ಚಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಡಿಸೆಂಬರಿನ ಒಂದು ದಿನ ಅವಳು ಊಟದ ವೇಳೆಯಲ್ಲಿ ಹಾಳೆ ತಿದ್ದುತ್ತಿದ್ದಾಗ ಅವನು ಹೆಗಲ ಮೇಲಿಂದ ಇಣುಕಿದ. ಅವಳನ್ನು ಅವನು ಕರೆಯುತ್ತಿದ್ದುದು ದೋನ್ಯಾ ಎಂದು, ಅವನ ಭಾಷೆಯಲ್ಲಿ ಅಮ್ಮಾವ್ರು ಎಂದಂತೆ.

"ದೋನ್ಯಾ ಲವಾನ್, ಎಸೆಯೋರು ಕಮ್ಮಿ ಇದ್ದಾರಲ್ಲ ನಿಮ್ಮ ಪಟ್ಟೀಲಿ."

"ನಿಂಗೆ ಇದೆಲ್ಲ ಗೊತ್ತಾಗುತ್ತಾ?"

"ನಮ್ಮೂರಲ್ಲಿ ಮಗು ನಡಿಯೋ ಮೊದ್ಲು ಎಸೆಯೋದು ಕಲಿಯುತ್ತೆ." ಅವನು ಕುರ್ಚಿ ಎಳೆದುಕೊಂಡ. "ರಮಿರೊ ಬುಯಿತಿಮೆಯಾ ಅಂತ ಬರ್ಕೊಳ್ಳಿ."

"ಅವನ ಮೊಣಕೈ ಕುಯ್ದು ಎರಡು ವರ್ಷ ಆಯ್ತು. ಅವನ ತಂಡದವರೇ ಕೈಬಿಟ್ರು."

"ಕೈಬಿಟ್ರು. ಈಗ ಚಳಿಗಾಲದ ಆಟಕ್ಕೆ ನಮ್ಮೂರಲ್ಲಿ ಎಸೀತಿದ್ದಾನೆ. ನಮ್ಮ ಮಾವನ ಮಗ ಅಲ್ಲೇ ಮೈದಾನದಲ್ಲಿ ಕಡಲೆಬೀಜ ಮಾರ್ತಾನೆ, ಒಂದು ಆಟಾನೂ ಬಿಟ್ಟಿಲ್ಲ. ಮೊದಲಿನ ವೇಗ ಇಲ್ಲವಂತೆ. ಆದ್ರೆ ಹೊಸದೊಂದು ನಿಧಾನದ ಎಸೆತ ಕಲ್ತಿದ್ದಾನೆ, ಬ್ಯಾಟು ಬೀಸಿ ಮುಗಿದ್ಮೇಲೆ ಬರುತ್ತಂತೆ ಚೆಂಡು!"

ಲವಾನ್ ಮಾತಿಗೆ ಮರುಳಾಗಲಿಲ್ಲ. ಆಟಗಳ ವಿಡಿಯೋ ತುಣುಕುಗಳನ್ನು ತರಿಸಿಕೊಡು ಎಂದಳು. ತೆರೆಸೊನ ಮಾವನ ಮಗ ಫೋನಿನಲ್ಲಿ ಕಳಿಸಿದ ಒಂಬತ್ತು ಆಟಗಳನ್ನು ಇಬ್ಬರೂ ಪರೀಕ್ಷೆಯ ಕೋಣೆಯಲ್ಲಿ ಕೂತು ನೋಡಿದರು. ಬುಯಿತಿಮೆಯಾ ಆಟ ಮುಗಿದ ಮೇಲೆ ಕೈಯನ್ನು ಹೇಗೆ ಇಳಿಬಿಡುತ್ತಾನೆ, ಮಾರನೆಯ ವಾರ ಅದೇ ಕೈ ಎಷ್ಟು ಮೇಲೇಳುತ್ತದೆ ಎಂಬುದನ್ನೆಲ್ಲ ಅವಳು ಬರೆದುಕೊಂಡಳು. ಜನವರಿ ಮುಗಿಯುವಾಗ ಅವನ ಹೆಸರು ಹಾಳೆಗೆ ಬಂತು. ಫೆಬ್ರವರಿಯಲ್ಲಿ ದೊಡ್ಡ ತಂಡವೊಂದು ಅವನನ್ನು ಸೇರಿಸಿಕೊಂಡಿತು.

ಮಾರ್ಚ್ ಕೊನೆಯ ಶನಿವಾರ ಅಂಗಡಿಯ ಹಿಂದಿನ ಕೋಣೆ ತುಂಬಿತ್ತು. ಮೊದಲ ಸರದಿ ಸದ್ದಿಲ್ಲದೆ ಮುಗಿಯಿತು. ಎರಡನೆಯದರಲ್ಲಿ ಲವಾನಳ ಪಾಳಿ ಬಂದಾಗ ಹನ್ನೊಂದು ಜನ ಒಟ್ಟಿಗೆ "ಹೆನ್ಸ್ಲಿ!" ಎಂದು ಕೂಗಿ ಮೇಜು ಗುದ್ದಿದರು. ಡೆಲ್ಬರ್ಟ್ ಆಗಲೇ ಹಲಗೆಯ ಮೇಲೆ ಹೆಸರಿನ ಮೊದಲ ಅಕ್ಷರ ಬರೆದಿದ್ದ.

ಒಂಬತ್ತು ಬೇಸಿಗೆ ರೇಡಿಯೋದಲ್ಲಿ ಅವನ ಹೆಸರು ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಟ್ಟವಳು ಲವಾನ್. ಹಾಳೆ ನೋಡಿದಳು. ಹಾಳೆಯಲ್ಲಿ ಅವನು ಒಂಬತ್ತನೇ ಸರದಿಯವನು.

"ಅಳಿಸು ಅದನ್ನ," ಎಂದು ಅವನ ಬದಲು ಒಬ್ಬ ಎಸೆತಗಾರನ ಹೆಸರು ಹೇಳಿದಳು.

ವೆಂಡೆಲ್ ಕನ್ನಡಕ ತೆಗೆದು ನೋಡಿದ. "ಹುಷಾರಾಗಿದ್ದೀಯೇನಮ್ಮ ಲವಾನ್?"

"ಹಂಗಾದ್ರೆ ಅವನು ನನ್ನೋನು," ಎಂದ ಡೆಲ್ಬರ್ಟ್ ತನ್ನ ಪಾಳಿಯಲ್ಲಿ, ಬೇಕಂತಲೇ. "ಒಂಬತ್ತು ವರ್ಷ ಸಾಕಿದ ಗಂಡುಮಗ, ಬೀದಿಪಾಲಾಗ್ಬಾರ್ದು."

ಎಲ್ಲರೂ ನಕ್ಕರು. ಲವಾನಳೂ ನಕ್ಕಳು, ಆದರೆ ಹಾಳೆಯಿಂದ ಕಣ್ಣೆತ್ತಲಿಲ್ಲ. ಬಿರಾಕ್ ಬಂತು. ಅವಳು ಮುಟ್ಟಲಿಲ್ಲ. ಹದಿನಾಲ್ಕರಲ್ಲಿ ಮೂಟ್ರಿ, ಹದಿನಾರರಲ್ಲಿ ಸಬಟಿನೊ, ಹದಿನೇಳರಲ್ಲಿ ಹತ್ತಿರದ ಬೇಲಿಯವನು ಸಿಕ್ಕರು. ಕೊನೆಯ ಸರದಿಯಲ್ಲಿ ಬುಯಿತಿಮೆಯಾ ಎಂದಾಗ ಡೆಲ್ಬರ್ಟ್ ಸೀಮೆಸುಣ್ಣ ಹಿಡಿದು ನಿಂತೇ ಇದ್ದ.

"ಅದೇನು ಆಟಗಾರನ ಹೆಸರೋ, ಕೆಮ್ಮಿನ ಔಷಧೀನೋ?"

"ನಿಂಗೆ ಬರೆಯೋಕೆ ಬರದಿದ್ರೆ ಸೀಮೆಸುಣ್ಣ ಇಲ್ಲಿ ಕೊಡು," ಎಂದು ಎದ್ದು ತಾನೇ ಬರೆದಳು.

ಏಪ್ರಿಲ್ ಅವಳ ಹಲ್ಲು ಕಚ್ಚಿಸಿತು. ಮೂಟ್ರಿ ಮೂರು ವಾರದಲ್ಲಿ ಬೆರಳೆಣಿಕೆಯಷ್ಟು ಸಲ ಹೊಡೆದ. ಬುಯಿತಿಮೆಯಾನನ್ನು ಸೇರಿಸಿಕೊಂಡ ತಂಡ ಅವನನ್ನು ಕೆಳಗಿನ ದರ್ಜೆಯ ಆಟಕ್ಕೆ ಕಳಿಸಿತು, ಅಲ್ಲಿಯ ಎಸೆತಕ್ಕೆ ಕೂಟದಲ್ಲಿ ಅಂಕವಿಲ್ಲ. ಸಬಟಿನೊ ಮೇ ಮೊದಲ ವಾರ ಇನ್ನೊಂದು ಬೆರಳು ಮುರಿದುಕೊಂಡು ಮನೆಗೇ ಹೋದ. ಲವಾನ್ ಹನ್ನೊಂದನೆಯವಳು. ವರ್ಲಿನ್ ನಿಜವಾದ ಕನಿಕರದಿಂದಲೇ ಬಸ್ ನಿಲ್ಲಿಸಿ, "ಆ ಮೂಟ್ರೀನ ಬಿಟ್ಟಾಕೇ, ನಿನ್ನನ್ನೂ ಮುಳುಗಿಸ್ತಾನೆ," ಎಂದ.

"ಚೆಂಡು ಈಗ್ಲೂ ಅಷ್ಟೇ ಜೋರಾಗಿ ಹೋಗ್ತಿದೆ ವರ್ಲಿನ್. ಯಾವತ್ತು ಅದು ಮೆತ್ತಗಾಗುತ್ತೋ ಅವತ್ತು ಬಿಡ್ತೀನಿ."

ಬೆರಳು ಮುರಿದವನನ್ನು ಕೈಬಿಟ್ಟಳು. ತನ್ನ ಲೆಕ್ಕ ತಪ್ಪಿತ್ತೆಂದು ಹಾಳೆಯ ಬದಿಯಲ್ಲಿ ಬರೆದಳು: ಒಮ್ಮೆ ನೋವು ಮುಚ್ಚಿಟ್ಟು ಆಡಿದವನು ಮತ್ತೆಯೂ ಹಾಗೇ ಆಡುತ್ತಾನೆ. ಮಿಕ್ಕವರನ್ನು ಬಿಡಲಿಲ್ಲ.

ಜೂನ್ ನಡುವೆ ಗೋಧಿ ಕೊಯ್ಲು ಶುರುವಾಯಿತು. ಉಗ್ರಾಣದ ಮುಂದೆ ಹೆದ್ದಾರಿಯವರೆಗೆ ಟ್ರಕ್ಕುಗಳ ಸಾಲು. ಲವಾನಳಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಅಂಥ ಒಂದು ಸೋಮವಾರ ಬೆಳಗ್ಗೆ ತೆರೆಸೊ ಟ್ರಕ್ಕಿನ ಗೋಧಿಯ ಮೇಲೆ ನಿಂತು, ಕೊಳವೆಯನ್ನು ಕತ್ತಿಯಂತೆ ಎತ್ತಿ ಕೂಗಿದ:

"ದೋನ್ಯಾ ಲವಾನ್! ಮೇಲಕ್ಕೆ ಕರೆದ್ರಂತೆ! ರಮಿರೊನ ಮೇಲಕ್ಕೆ ಕರೆದ್ರಂತೆ! ನಾಳೆ ಎಸೀತಾನೆ!"

ಪಟ್ಟಿಯಲ್ಲಿರುವ ಯಾರ ಅಂಕ ಆ ವಾರದ ಲೆಕ್ಕಕ್ಕೆ ಎಂದು ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಡೆಲ್ಬರ್ಟ್‌ಗೆ ತಿಳಿಸಬೇಕು. ಗಂಟೆ ಹನ್ನೊಂದೂವರೆ. ಟ್ರಕ್ಕಿನಲ್ಲಿದ್ದ ರೈತ ಹಾರ್ನ್ ಬಾರಿಸಿದ.

"ಯಾರಮ್ಮ ಆ ರಮಿರೊ? ನನ್ನ ಗೋಧಿ ನೋಡ್ತೀರೋ ಇಲ್ವೋ?"

"ಎರಡು ನಿಮಿಷ ತಡಿಯಪ್ಪ. ನಿನ್ನ ಗೋಧಿ ಹಾರಿಹೋಗಲ್ಲ," ಎಂದು ಹದಿನೆಂಟು ಟ್ರಕ್ಕುಗಳನ್ನು ಕಾಯಿಸಿ ಅವಳು ಡೆಲ್ಬರ್ಟ್‌ಗೆ ಫೋನ್ ಮಾಡಿದಳು.

ಮರುದಿನ ಬುಯಿತಿಮೆಯಾ ಒಂಬತ್ತರಲ್ಲಿ ಏಳು ಇನಿಂಗ್ಸ್ ಎಸೆದು ಒಂದು ರನ್ ಮಾತ್ರ ಕೊಟ್ಟ. ಅದೇ ವಾರ ಮೂಟ್ರಿಯ ಹೊಡೆತಗಳು ಖಾಲಿ ಜಾಗ ಹುಡುಕಿಕೊಂಡವು. ಜುಲೈನಲ್ಲಿ ಅವಳು ಏಳನೆಯವಳು, ಆಗಸ್ಟಿನಲ್ಲಿ ನಾಲ್ಕನೆಯವಳು, ಸೆಪ್ಟೆಂಬರ್ ಮುಗಿದಾಗ ಮೂರನೆಯವಳು. ಕೊನೆಗೆ ಬಂದವನು ವೆಂಡೆಲ್.

ಟ್ರ್ಯಾಕ್ಟರ್ ಸೀಟು ಗೆದ್ದವನು ಡೆಲ್ಬರ್ಟ್. ಗೆಲ್ಲಿಸಿದವನು ಟ್ರಾವಿಸ್ ಹೆನ್ಸ್ಲಿ. ಮೂವತ್ತಾರನೆಯ ವಯಸ್ಸಿನಲ್ಲಿ ಅವನು ಚೆಂಡನ್ನು ಬೇಲಿ ದಾಟಿಸಿ ಮೂವತ್ತೊಂದು ಹೋಂ ರನ್ ಹೊಡೆದ. ಒಂದೊಂದು ಹೊಡೆತವೂ ಲವಾನಳಿಗೆ, ತಾನು ಸಾಕಿದ ಮಗ ಪಕ್ಕದ ಮನೆಯಲ್ಲಿ ಹೊಟ್ಟೆತುಂಬ ಉಂಡಂತೆ, ಖುಷಿಯೂ ಆಯಿತು, ಉರಿಯೂ ಆಯಿತು. ಜೀನ್ ಒಮ್ಮೆ ಕೇಳಿದ: "ಅವನನ್ನೇ ಇಟ್ಕೊಂಡಿದ್ರೆ ಗೆಲ್ತಿದ್ದೆ ಅಲ್ವಾ?" ಅವಳು ಲೆಕ್ಕ ಹಾಕಿ ನೋಡಿದಳು. ಹೌದು, ಗೆಲ್ಲುತ್ತಿದ್ದಳು. "ಆದ್ರೂ ಅವನಿಗೆ ಎರಡನೇ ಸರದಿ ಜಾಸ್ತೀನೇ," ಎಂದಳು.

ಅಕ್ಟೋಬರಿನಲ್ಲಿ ವರ್ಲಿನ್ ಮಂಡಿ ನೋವಿಗೆ ಅರಿಜೋನಾದ ಬಿಸಿಲೇ ಮದ್ದೆಂದು ಊರು ಬಿಟ್ಟ. ಕುರ್ಚಿಯೊಂದು ಖಾಲಿಯಾಯಿತು. ಡೆಲ್ಬರ್ಟ್ ಅಳಿಯನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲವಾನ್ ಕೈ ಎತ್ತಿದಳು.

"ತೆರೆಸೊ ಆರ್ಮೆಂಟಾ."

"ಉಗ್ರಾಣದ ತೆರೆಸೊ? ಅವನಿಗೆ ಈ ಆಟ ಬರುತ್ತಾ?"

"ನಿನ್ನ ಅಳಿಯನಿಗೆ ಬರುತ್ತಾ? ಬುಯಿತಿಮೆಯಾನ ನಂಗೆ ತೋರಿಸಿದ್ದೇ ತೆರೆಸೊ. ಹನ್ನೊಂದು ಆಟ ಗೆದ್ದ ನಿನ್ನ ಕೆಮ್ಮಿನ ಔಷಧಿ."

ಮತಕ್ಕೆ ಹಾಕಿದರು. ಆರು, ಐದು. ಆರನೆಯ ಕೈ ವೆಂಡೆಲ್‌ನದು. "ನಾನಂತೂ ಮತ್ತೆ ಕೊನೆಗೆ ಬರೋನೇ," ಎಂದ ಅವನು. "ಆಟ ಗೊತ್ತಿರೋರ ಕೈಲಿ ಸೋಲೋದು ವಾಸಿ."

ಸುದ್ದಿ ಕೇಳಿದಾಗ ತೆರೆಸೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಮಾರನೆಯ ದಿನ ಹೆಂಡತಿ ಮಾಡಿದ, ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಮಾಲೆಗಳನ್ನು ಒಂದು ಪಾತ್ರೆ ತುಂಬ ತಂದಿಟ್ಟ. ನವೆಂಬರಿನಲ್ಲಿ ಚಳಿಗಾಲದ ಆಟ ಶುರುವಾದಾಗ ಲವಾನ್ ಎಂದಿನಂತೆ ಹಾಳೆ ಹಿಡಿದು ಕೇಳಿದಳು:

"ಏನಂತಾನೆ ನಿನ್ನ ಮಾವನ ಮಗ? ಈ ವರ್ಷ ಯಾರು ಚೆನ್ನಾಗಿದ್ದಾರಂತೆ?"

"ಈ ವರ್ಷ ಅವನ ಫೋನ್ ಕೆಟ್ಟಿದೆ ದೋನ್ಯಾ ಲವಾನ್," ಎಂದ ತೆರೆಸೊ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ.

"ಕಳ್ಳ!"

"ನೀವೇ ಅಲ್ವಾ ಕುರ್ಚಿ ಕೊಡಿಸಿದ್ದು?"

ಅವಳು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ನಕ್ಕಳು. ಸಂಜೆ ಮನೆಗೆ ಬಂದು, ಮೇಜಿನ ಅರ್ಧ ಭಾಗವನ್ನು ಜೀನ್‌ನಿಂದ ಮತ್ತೆ ಕಿತ್ತುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೊನೋರಾದ ರೇಡಿಯೋ ಹಾಕಿದಳು. ಸ್ಪ್ಯಾನಿಷ್ ಅವಳಿಗೆ ಬಾರದು. ಹೆಸರುಗಳು, ಅಂಕಿಗಳು, ಜನ ಕಿರುಚುವ ಸದ್ದು ಮಾತ್ರ ತಿಳಿಯುತ್ತಿತ್ತು. ಒಬ್ಬ ಹುಡುಗನ ಹೆಸರಿಗೆ ಮೂರನೇ ಸಲ ಕಿರುಚಾಟ ಎದ್ದಾಗ ಪೆನ್ಸಿಲ್ ತೆಗೆದುಕೊಂಡು, ಕೇಳಿಸಿದ ಹಾಗೆ, ತಪ್ಪುತಪ್ಪಾಗಿಯೇ ಬರೆದುಕೊಂಡಳು.