ಸಕಲಕಲಾವಲ್ಲಭೆ ಎನ್ನಿಸಿಕೊಂಡ ನಮ್ಮ ಅಕ್ಕ

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ ‘ಸಕಲಕಲಾವಲ್ಲಭ’ ಎಂಬ ಪದವನ್ನು ಬಿಡಿಸಿ ಹೇಳುವುದು ಕಷ್ಟವೇನಲ್ಲ. ವಲ್ಲಭ ಎಂದರೆ ಒಡೆಯ. ಪ್ರಿಯ, ಗಂಡ ಎಂಬ ಅರ್ಥಗಳೂ ಉಂಟು. ಎಲ್ಲ ಕಲೆಗಳಲ್ಲೂ ಪಳಗಿದವನು ಸಕಲಕಲಾವಲ್ಲಭ. ನಾನು ಬೆಳೆದ ಗುಬ್ಬಿಯ ಬೀದಿಯಲ್ಲಿ ಮಾತ್ರ ಈ ಪದ ಹೆಚ್ಚಾಗಿ ಬೈಗುಳವಾಗಿತ್ತು. ಕುಡಿತ, ಇಸ್ಪೀಟು, ಸುಳ್ಳು ಮೂರೂ ಇದ್ದವನ ಮಾತು ಬಂದರೆ ‘ಅವನ್ ಸುದ್ದಿ ಬುಡು, ಸಕಲಕಲಾವಲ್ಲಭ ಅವ್ನು’ ಎಂದು ಜನ ನಗುತ್ತಿದ್ದರು. ಅದನ್ನು ಹೊಗಳಿಕೆಯಾಗಿ ನಾನು ಮೊದಲು ಕೇಳಿದ್ದು ಅಕ್ಕನ ವಿಷಯದಲ್ಲಿ.

ಅಕ್ಕನಿಗೆ ಬಾರದ್ದು ಏನೂ ಇರಲಿಲ್ಲ. ಹೊಲಿಗೆ, ರಂಗೋಲಿ, ಮೆಹಂದಿ, ನಾಟಕ, ಖೋಖೋ. ಎಲ್ಲಕ್ಕಿಂತ ಹೆಚ್ಚಾಗಿ ಹಾಡು. ಪಕ್ಕದ ಬೀದಿಯ ಸಂಗೀತದ ಮೇಷ್ಟ್ರು ಒಮ್ಮೆ ಮನೆಗೇ ಬಂದು, ‘ಮಿಕ್ಕಿದ್ದೆಲ್ಲ ಬಿಡಿಸಿ ಈ ಹುಡುಗೀನ ಬೆಳಿಗ್ಗೆ ಬೆಳಿಗ್ಗೆ ನನ್ನ ಹತ್ರ ಕಳಿಸಿ’ ಎಂದು ಕೇಳಿದ್ದರು. ಅಕ್ಕ ಒಂದಷ್ಟು ದಿನ ಹೋದಳು. ಆಮೇಲೆ ಯಾರದೋ ಮದುವೆಯ ಮೆಹಂದಿ, ಇನ್ಯಾರದೋ ಬ್ಲೌಸು. ಅಮ್ಮ ಬೈಯುತ್ತಿದ್ದಳು: ‘ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟೇ.’

‘ಎಲ್ಲಾ ಬರುತ್ತಲ್ಲಮ್ಮ, ಯಾವುದನ್ನ ಬಿಡ್ಲಿ?’ ಎನ್ನುತ್ತಿದ್ದಳು ಅಕ್ಕ. ಜಂಬದಿಂದಲ್ಲ, ಅವಳಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೆ ಅಲ್ಲಿನ ಒಂದು ಖಾಸಗಿ ಶಾಲೆಗೆ ಕ್ರಾಫ್ಟ್ ಟೀಚರ್ ಆಗಿ ಸೇರಿದಳು. ಕ್ರಾಫ್ಟ್ ಎನ್ನುವುದು ಹೆಸರಿಗೆ ಮಾತ್ರ. ಡ್ಯಾನ್ಸು ಕಲಿಸುವವಳು, ಅದಕ್ಕೆ ಡ್ರೆಸ್ ಹೊಲಿಯುವವಳು, ಸ್ಟೇಜ್ ಅಲಂಕರಿಸುವವಳು, ಪ್ರಾರ್ಥನೆ ಹಾಡಿ ನಿರೂಪಣೆಗೆ ನಿಲ್ಲುವವಳು ಎಲ್ಲ ಅವಳೇ. ಒಂದು ವಾರ್ಷಿಕೋತ್ಸವದ ಸಂಜೆ ಫೋನ್ ಮಾಡಿದಳು.

‘ಹೆಡ್ ಮೇಷ್ಟ್ರು ಮೈಕಲ್ಲಿ ನನ್ನ ಸಕಲಕಲಾವಲ್ಲಭೆ ಅಂದ್ಬಿಟ್ರು ಕಣೇ. ಚಪ್ಪಾಳೆ ಬೇರೆ. ಸರಿಯಾಗಿ ಏನೇ ಅದರರ್ಥ?’

ನಾನು ಮೇಷ್ಟ್ರ ಠೀವಿಯಲ್ಲಿ ಹೇಳಿದೆ. ವಲ್ಲಭ ಅಂದ್ರೆ ಒಡೆಯ. ವಲ್ಲಭೆ ಅಂದ್ರೆ ಪ್ರಿಯೆ, ಹೆಂಡತಿ.

‘ಅಂದ್ರೆ ಗಂಡಸಾದ್ರೆ ಒಡೆಯ, ಹೆಂಗಸಾದ್ರೆ ಹೆಂಡ್ತಿ! ಅರವತ್ನಾಲ್ಕು ಕಲೆಗೂ ನಾನೇ ಹೆಂಡ್ತಿನಾ? ಒಬ್ಬರಿಗೆ ಬೇಯಿಸಿ ಹಾಕೋದ್ರಲ್ಲೇ ಸಾಕಾಗೋಗಿದೆ,’ ಎಂದು ಅವಳು ನಕ್ಕ ರೀತಿಗೆ ನನಗೂ ನಗು ತಡೆಯಲಾಗಲಿಲ್ಲ.

ಆ ವರ್ಷವೇ ತುಮಕೂರಿನಲ್ಲಿ ಒಂದು ಗಾಯನ ಸ್ಪರ್ಧೆ ಇತ್ತು. ಹೆಸರು ಕೊಡು ಎಂದು ನಾನು ದುಂಬಾಲು ಬಿದ್ದೆ. ‘ಮಕ್ಕಳ ಡ್ರೆಸ್ ಹೊಲಿಯೋದು ರಾಶಿ ಬಿದ್ದಿದೆ. ಮುಂದಿನ ಸಲ ಹಾಡಿದ್ರಾಯ್ತು, ಗಂಟಲೆಲ್ಲಿಗೆ ಹೋಗುತ್ತೆ?’ ಎಂದಳು.

ಆಮೇಲೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್. ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆಯೇ ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು: ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿದೆ, ನರ ಉಳಿಯುವುದು ಕಷ್ಟ, ಆದರೆ ಗಂಟನ್ನು ಬಿಡುವಂತಿಲ್ಲ. ಜೀವ ಉಳಿಯಿತು. ಧ್ವನಿ ಉಳಿಯಲಿಲ್ಲ. ಕಮ್ಮಾರನ ತಿದಿಯೊಳಗಿಂದ ಬಂದ ಹಾಗೆ ಗಾಳಿ ಗಾಳಿಯ ಪಿಸುಮಾತು. ಅಭ್ಯಾಸ ಮಾಡಿದರೆ ಮಾತು ಸುಧಾರಿಸುತ್ತದೆ, ಹಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲರ ಬಾಯಲ್ಲೂ ಒಂದೇ ಸಮಾಧಾನ. ಹೆಡ್ ಮೇಷ್ಟ್ರು ಹಣ್ಣಿನ ಕವರ್ ಟೀಪಾಯಿ ಮೇಲಿಟ್ಟು, ‘ಧೈರ್ಯವಾಗಿರಿ ಮೇಡಂ. ಒಂದು ಹೋದ್ರೇನಾಯ್ತು? ನೀವು ಸಕಲಕಲಾವಲ್ಲಭೆ. ಕೈಯಲ್ಲಿ ಇನ್ನೂ ಎಷ್ಟು ವಿದ್ಯೆ ಇದೆ!’ ಎಂದರು. ‘ಅದನ್ನೇ ನಾನೂ ಹೇಳ್ತಿದೀನಿ ಸಾರ್,’ ಎಂದರು ಭಾವ. ಒಂದು ಮುತ್ತು ಕಟ್ಟು ಎನ್ನುತ್ತಿದ್ದ ಅಮ್ಮ ಕೂಡ, ‘ಒಂದು ಕಿತ್ಕೊಂಡ್ರೂ ಉಳಿದಿದ್ದೆಲ್ಲ ಬಿಟ್ಟಿದಾನಲ್ಲ ದೇವ್ರು,’ ಎಂದು ಕಣ್ಣೊರೆಸಿಕೊಂಡಳು. ಅಕ್ಕ ಎಲ್ಲರಿಗೂ ತಲೆಯಾಡಿಸುತ್ತಾ ಕೂತಿದ್ದಳು.

ಸ್ಪೀಚ್ ಥೆರಪಿಗೆಂದು ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕೆಲವು ವಾರ ಇದ್ದಳು. ಮುಗಿದ ಮೇಲೆ ಅವಳನ್ನು ಬಿಟ್ಟುಬರಲು ನಾನೇ ಕುಣಿಗಲ್ ಬಸ್ ಹತ್ತಿದೆ. ಗೂಳೂರು ದಾಟಿದ ಮೇಲೆ ಏನೋ ಹೇಳಿದಳು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ನನ್ನ ಕಿವಿಗೆ ಬಾಯಿಟ್ಟು ಮತ್ತೆ ಹೇಳಿದಳು.

‘ಹಾಡೊಂದೇ ಬರ್ತಿದ್ದವಳಿಗೆ ಹಿಂಗಾಗಿದ್ರೆ ಜನ ಜೊತೇಲಿ ಕೂತು ಅಳ್ತಿದ್ರು ಕಣೇ. ನಂಗೆ ಮಾತ್ರ ಉಳಿದಿದ್ದನ್ನ ತೋರಿಸ್ತಾರೆ.’ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ‘ಮಿಕ್ಕಿದ್ದೆಲ್ಲ ಬರ್ತಿತ್ತು ಅಂತ ಮಾಡ್ತಿದ್ದೆ. ಹಾಡು ಹಂಗಲ್ಲ.’

ಅವಳು ಕಿಟಕಿಯ ಕಡೆ ತಿರುಗಿದಳು. ಹೆಬ್ಬೂರು ಬಂತು, ಹೋಯಿತು.

ಅಕ್ಕ ಕೆಲಸ ಬಿಟ್ಟಳು. ಹೊಲಿಗೆ ಮೆಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟಳು. ಯುಗಾದಿಯ ದಿನ ನಾನು ಹೋದಾಗ ಬಾಗಿಲಲ್ಲಿ ಎರಡು ಎಳೆ ಬಿಟ್ಟರೆ ರಂಗೋಲಿಯೇ ಇರಲಿಲ್ಲ. ಭಾವ ನನ್ನನ್ನು ಪಕ್ಕಕ್ಕೆ ಕರೆದರು. ‘ಹಾಡಕ್ಕೆ ಗಂಟಲು ಬೇಕು, ಸರಿ. ರಂಗೋಲಿಗ್ಯಾಕಮ್ಮ ಗಂಟಲು? ನೀನಾದ್ರೂ ಕೇಳು.’

ನಾನು ಕೇಳಲಿಲ್ಲ. ಚಿಕ್ಕಂದಿನಿಂದ ನೋಡಿದ್ದು ಆಗ ನೆನಪಾಯಿತು. ಅಕ್ಕ ರಂಗೋಲಿ ಹಾಕುವಾಗ, ಗುಂಡಿ ಹೊಲಿಯುವಾಗ, ಬಣ್ಣ ಕಲೆಸುವಾಗ ಗುನುಗದೇ ಇದ್ದದ್ದೇ ಇಲ್ಲ. ಅವಳ ಕೈ ಓಡುತ್ತಿದ್ದುದೇ ಆ ಗುನುಗಿನ ಮೇಲೆ. ಹತ್ತು ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಬರುತ್ತಿದ್ದದ್ದು ಒಂದೇ, ಅದೇ ಹತ್ತು ಕಡೆ ಕಾಣಿಸಿಕೊಳ್ಳುತ್ತಿತ್ತು.

ಕಳೆದ ವಾರ್ಷಿಕೋತ್ಸವಕ್ಕೆ ಶಾಲೆಯವರು ಅವಳನ್ನು ಸನ್ಮಾನಕ್ಕೆ ಕರೆದರು. ಭಾವ ಒತ್ತಾಯ ಮಾಡಿದ್ದರಿಂದ ಒಪ್ಪಿದಳು, ನಾನೂ ಹೋಗಿದ್ದೆ. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತು ಬಾಯಾಡಿಸಿದರು, ಹಾಡು ಸ್ಪೀಕರಿನಿಂದ ಬಂತು. ಹೆಡ್ ಮೇಷ್ಟ್ರು ಶಾಲು ಹೊದಿಸಿ, ಅದೇ ಪದವನ್ನು ಇನ್ನಷ್ಟು ಜೋರಾಗಿ ಹೇಳಿ, ‘ಎರಡು ಮಾತಾಡಿ ಮೇಡಂ’ ಎಂದು ಮೈಕ್ ಕೊಟ್ಟರು.

ಅಕ್ಕ ಮೈಕನ್ನು ತುಟಿಯ ಹತ್ತಿರ ಹಿಡಿದಳು. ಮೊದಲು ಬರೀ ಉಸಿರು ಕೇಳಿಸಿತು. ಮಕ್ಕಳ ಗಲಾಟೆ ನಿಂತಿತು.

‘ನಮಸ್ಕಾರ. ನಾನು ಹಾಡ್ತಿದ್ದೆ,’ ಎಂದಳು.

ಅಷ್ಟೇ. ಮೈಕ್ ವಾಪಸ್ ಕೊಟ್ಟು ಮೆಟ್ಟಿಲಿಳಿದು ಬಂದಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಶಾಲನ್ನು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಸದ್ದಿಲ್ಲದೆ ಅಳುತ್ತಿದ್ದ ಅವಳ ಪಕ್ಕದಲ್ಲಿ ನಾನೂ ಅಳುತ್ತಾ ಕೂತೆ. ಉಳಿದಿದ್ದರ ಬಗ್ಗೆ ಅಂದು ನಾನು ಏನೂ ಹೇಳಲಿಲ್ಲ.