ತಿರುಗುವ ಚಕ್ರದ ಮುಂದೆ ನೀಲವ್ವ ಕಾಕು

ನೀಲವ್ವ ಕಾಕುವನ್ನು ನಾನು ಮೊದಲ ಸಲ ನೋಡಿದಾಗ ಆಕೆ ಗೋಡೆಗೆ ಮುಖ ಮಾಡಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಗೋಕಾಕದ ಸಾಲೆಯಲ್ಲಿ ನನಗೆ ಕೆಲಸ ಸಿಕ್ಕು, ಆ ಮೂರಂತಸ್ತಿನ ಹಳೆಯ ಕಟ್ಟಡಕ್ಕೆ ಬಾಡಿಗೆಗೆ ಬಂದ ದಿನ ಅದು. ಪೂಜೆ ಮಾಡುತ್ತಿರಬೇಕು ಎಂದುಕೊಂಡು ಟ್ರಂಕು ಹಿಡಿದುಕೊಂಡೇ ನಿಂತೆ. ಆಕೆ ತಿರುಗಿ ನೋಡದೆ ಕೈಮಾಡಿ ಕರೆದಳು.

"ಬರ್ರಿ, ಇಲ್ಲಿ ನೋಡ್ರಿ. ಈ ಕೆಂಪು ಗೆರಿ ಒಮ್ಮೆ ಲಗೂ ಬರತೈತಿ, ಒಮ್ಮೆ ಬರಾಕ ಒಲ್ಲೆ ಅಂತೈತಿ. ಯಾಕ ಅಂತೀರಿ?"

ಗೋಡೆಯ ಮೇಲೆ ಹಳೆಯ ಕಟ್ಟಿಗೆಯ ಹಲಗೆ. ಅದರ ತುಂಬ ಎಲ್ಲ ಮನೆಗಳ ಕರೆಂಟ್ ಮೀಟರುಗಳು. ಧೂಳು ಹಿಡಿದ ಗಾಜಿನ ಹಿಂದೆ ಒಂದೊಂದರಲ್ಲೂ ಅಂಚಿಗೆ ಕೆಂಪು ಗೆರೆಯಿದ್ದ ಒಂದು ತಗಡಿನ ಚಕ್ರ ತಿರುಗುತ್ತಿತ್ತು. ಮನೆಯಲ್ಲಿ ಹೆಚ್ಚು ಕರೆಂಟ್ ಸುಟ್ಟರೆ ಚಕ್ರ ಜೋರಾಗಿ ಓಡುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. "ಅಂದ್ರ ಮ್ಯಾಲಿನ ಮನ್ಯಾಗ ಈಗ ಮಿಕ್ಸರ್ ಹಚ್ಚ್ಯಾರ!" ಎಂದು ಖುಷಿಯಿಂದ ಎದ್ದು, ಖರೆಯೋ ಸುಳ್ಳೋ ನೋಡಲು ಮೆಟ್ಟಿಲು ಹತ್ತಿಯೇ ಹೋದಳು. ಇಸ್ತ್ರಿ ಮಾಡುತ್ತಿದ್ದರಂತೆ. ಅದಕ್ಕೂ ಅಷ್ಟೇ ಖುಷಿಪಟ್ಟಳು.

ಕಟ್ಟಡದವರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ನೀಲವ್ವ ಮೇಲವಂಕಿಯ ಕುರಿ ಸಾಕುವ ಮನೆತನದವಳು. ಗಂಡ ತೀರಿದ ಮೇಲೂ ಗೋಕಾಕದಲ್ಲೇ ಉಳಿದು ಕೌದಿ ಹೊಲಿಯುತ್ತಿದ್ದಳು. ಯಾರದೋ ಹಳೆಯ ಸೀರೆ ಕೈಗೆ ಬಂದರೆ ಅದನ್ನು ಯಾರು ಕೊಡಿಸಿದ್ದು, ಎಲ್ಲಿ ಹರಿಯಿತು, ಎಲ್ಲ ಕೇಳಿಯೇ ಕತ್ತರಿ ಹಾಕುವುದು. ಸಾಲೆ ಬಿಟ್ಟು ಬಂದರೆ ನನ್ನನ್ನೂ ಮೆಟ್ಟಿಲ ಮೇಲೆ ತಡೆಯುತ್ತಿದ್ದಳು. "ಅಕ್ಕೋರ, ಇವತ್ತ ಹುಡುಗೂರು ಏನ್ ಕೇಳಿದ್ರು?" ನಾನು ಏನು ಕಲಿಸಿದೆ ಎಂದು ಆಕೆ ಒಂದು ದಿನವೂ ಕೇಳಲಿಲ್ಲ.

ಒಂದು ದಿನ ಮೂಡಲಗಿ ಕಡೆಯ ಲೈನ್‌ಮನ್ ಯಲ್ಲಪ್ಪ ಹೊಸ ಮೀಟರುಗಳ ಪೆಟ್ಟಿಗೆ ಹೊತ್ತು ಬಂದ. ಚಕ್ರದ ಮೀಟರು ತೆಗೆದು ಹೊಸವನ್ನು ಹಾಕಬೇಕೆಂದು ಅವನಿಗೆ ಆದೇಶ. ಕಟ್ಟಡದವರೆಲ್ಲ ಬಾಗಿಲಲ್ಲೇ ಅಡ್ಡ ನಿಂತರು. "ಹೊಸಾವು ಭಾಳ ಓಡ್ತಾವ, ನಮಗ ಬ್ಯಾಡ." ಯಲ್ಲಪ್ಪ ಬೆವರು ಒರೆಸಿಕೊಂಡು ವಾಪಸು ಹೋದ. ಕಾಕು ಮಾತ್ರ ಹಲಗೆಯ ಮುಂದೆ ನಿಂತು ಹೇಳಿದಳು:

"ಹೊಸಾದು ಓಡತೈತಿ ಅಂತೀರಿ. ಹಳೇದು ಸುಮ್ಮನ ಐತೇನು? ಯಾರರ ನೋಡೀರೇನು?"

ಆ ರವಿವಾರ ಮುಂಜಾನೆ ಆಕೆಯೇ ಮನೆಮನೆಯ ಬಾಗಿಲು ಬಡಿದು ಎಲ್ಲ ಸ್ವಿಚ್ ಬಂದ್ ಮಾಡಿಸಿದಳು. ಫ್ಯಾನು, ಟಿವಿ, ಫ್ರಿಜ್ಜು ಯಾವುದೂ ಬಿಡಲಿಲ್ಲ. ಕೈಯಲ್ಲಿ ಚಹಾ ಕಪ್ಪು ಹಿಡಿದು ಜನ ಮೆಟ್ಟಿಲ ತುಂಬ ನೆರೆದರು. ಚಕ್ರಗಳು ಒಂದೊಂದಾಗಿ ನಿಂತವು. ಒಂದು ಮಾತ್ರ ನಿಲ್ಲಲಿಲ್ಲ. ಅದು ಕೆಳಗಿನ ಖಾಲಿ ಖೋಲಿಯ ಮೀಟರು. ಬಾಡಿಗೆಯವರು ಬಿಟ್ಟುಹೋದ ಮೇಲೆ ಖೋಲಿಗೆ ಕೀಲಿಯೇ ಬಿದ್ದಿತ್ತು. ಒಳಗೆ ಯಾರೂ ಇಲ್ಲ, ಚಕ್ರ ಮಾತ್ರ ಮೆಲ್ಲಗೆ ತಿರುಗುತ್ತಲೇ ಇತ್ತು.

ಕಾಕುವಿನ ಕಣ್ಣು ಖಾಲಿ ಖೋಲಿಯ ಬಾಜೂ ಮನೆಯ ಹಣಮಂತನ ಮೇಲೆ ಬಿತ್ತು. ಅವನು ಆಗಷ್ಟೇ ಬ್ಯಾಟರಿ ಸ್ಕೂಟರ್ ತಂದಿದ್ದ.

"ಹಣಮಂತಾ, ನಿನ್ನ ಗಾಡಿ ಯಾರ ಮೀಟರಿಗೆ ಕುಂತೈತಿ?"

ಹಣಮಂತನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವನು ಬಾಗಿಲು ಪೂರ್ತಿ ತೆರೆದ. "ಬರ್ರಿ ಕಾಕು, ಒಳಗ ಬಂದು ನೋಡ್ರಿ. ವಾಯರ್ ಸಿಕ್ರ ಇವತ್ತ ಮನಿ ಬಿಟ್ಟು ಹೊಕ್ಕೇನಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಕಾಕು ಖರೇನ ಒಳಗೆ ಹೋದಳು. ಕಾಟಿನ ಕೆಳಗೆ ಬಗ್ಗಿ ನೋಡಿದಳು, ಗೋಡೆ ಸವರಿದಳು. ಏನೂ ಸಿಗಲಿಲ್ಲ. ಹೊರಗೆ ಬಂದಾಗ ಆಕೆಯ ಮುಖ ಸಣ್ಣದಾಗಿತ್ತು. ಆದರೂ ಮೀಟರಿನ ಕಡೆ ತಿರುಗಿ, "ಮತ್ತ ಇದು ಯಾಕ ತಿರಗಾಕತ್ತೈತಿ?" ಎಂದು ತನ್ನನ್ನೇ ಕೇಳಿಕೊಂಡಳು.

ನಾನು ಯಲ್ಲಪ್ಪನಿಗೆ ಫೋನ್ ಮಾಡಿದೆ. ಅವನು ಬಂದು ಖೋಲಿಯ ಹಿಂದಿನ ಅಂಗಳಕ್ಕೆ ಹೋದ. ಎಲ್ಲರೂ ನೀರು ಹಿಡಿಯುವ ಕಬ್ಬಿಣದ ನಳ ಅಲ್ಲಿತ್ತು. ಮೇಲಿನ ಟಾಕಿಯ ನೀರು ಸೋರಿ ಅಲ್ಲಿನ ಗೋಡೆ ಯಾವಾಗಲೂ ಹಸಿ. ಯಲ್ಲಪ್ಪ ಗೋಡೆಗೆ ಟೆಸ್ಟರ್ ಇಟ್ಟ. ಅದರ ಪುಟ್ಟ ದೀಪ ಹತ್ತಿತು. ನಳಕ್ಕೆ ಇಟ್ಟ. ಅಲ್ಲೂ ಹತ್ತಿತು.

"ಯಾರೂ ಮುಟ್ಟಬ್ಯಾಡ್ರಿ! ಹಿಂದ ಸರೀರಿ!"

ಅವನು ಓಡಿಹೋಗಿ ಫ್ಯೂಜ್ ಕಿತ್ತ. ಚಕ್ರ ನಿಂತಿತು. ಗೋಡೆಯೊಳಗಿನ ಹಳೆಯ ವಾಯರಿನ ಮೈ ಹರಿದು, ಕರೆಂಟು ಹಸಿ ಗೋಡೆಗೆ ಇಳಿಯುತ್ತಿತ್ತಂತೆ. ಬಕೀಟು ಇಡುವಾಗ ಆಗಾಗ ಕೈ ಜುಮುಗುಟ್ಟುತ್ತಿದ್ದುದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ತಣ್ಣೀರಿನದೆಂದು ತಿಳಿದಿದ್ದೆವು. ಹಣಮಂತನ ಮಗಳು ದಿನಾ ಅದೇ ನಳದ ಕೆಳಗೆ ಕುಳಿತು ಜಳಕ ಮಾಡುತ್ತಿದ್ದಳು. ಅವನು ಮಗಳನ್ನು ಎತ್ತಿಕೊಂಡು ಅಂಗಳದ ಆಚೆ ದಂಡೆಗೆ ಹೋಗಿ ನಿಂತ. ಬಹಳ ಹೊತ್ತು ಕೆಳಗೆ ಇಳಿಸಲಿಲ್ಲ.

ಸಂಜೆ ಕಾಕು ಮತ್ತೆ ಎಲ್ಲರ ಬಾಗಿಲು ಬಡಿದಳು. ಜನ ಕೂಡಿದ ಮೇಲೆ ಹಣಮಂತನ ಹೊಸ್ತಿಲ ಹೊರಗೆ ನಿಂತು, "ಎಲ್ಲಾರ ಮುಂದ ಕಳ್ಳ ಅಂದೇನಿ, ಎಲ್ಲಾರ ಮುಂದ ತಪ್ಪಾತು ಅಂತೀನಿ," ಎಂದಳು. ಹಣಮಂತನ ಹೆಂಡತಿ, "ಒಳಗ ಬರ್ರಿ, ಚಾ ಕುಡೀರಿ," ಅಂದಳು. ಕಾಕು ಅಳುತ್ತ ಒಳಗೆ ಹೋದಳು.

ಹೊಸ ಮೀಟರಿಗೆ ಈಗ ಯಾರೂ ಬೇಡ ಎನ್ನಲಿಲ್ಲ. ಕಟ್ಟಡದ ಮಾಲೀಕರು ಹುಕ್ಕೇರಿಯಲ್ಲಿದ್ದರು. ವಾಯರಿಂಗ್ ಬದಲಿಸದೆ ಹೊಸ ಮೀಟರು ಹಾಕುವಂತಿಲ್ಲ ಎಂದು ಯಲ್ಲಪ್ಪ ಹೇಳಿದ್ದಕ್ಕೆ ನಾವು ನಾಲ್ಕಾರು ಜನ ಬಸ್ ಹತ್ತಿದೆವು. ಮಾಲೀಕರು ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. "ಇಷ್ಟ್ ವರ್ಷ ಏನೂ ಆಗಿಲ್ಲಲ್ಲವಾ," ಎಂದರು.

"ಆಗೂತನಕ ಏನೂ ಆಗಿರೂದಿಲ್ಲ ಬಿಡ್ರಿ, ಯಜಮಾನ್ರ. ನೀವ ಬಂದು, ಫ್ಯೂಜ್ ಹಾಕಿಸಿ, ಆ ನಳ ಒಮ್ಮೆ ಹಿಡೀರಿ. ನಾವು ವಾಪಸ್ ಹೊಕ್ಕೇವಿ," ಎಂದಳು ಕಾಕು.

ಮಾಲೀಕರು ನಕ್ಕುಬಿಟ್ಟರು. ಮರುವಾರವೇ ಕೆಲಸದವರು ಬಂದರು.

ಹೊಸ ಮೀಟರು ಹಾಕುವ ದಿನ ಯಲ್ಲಪ್ಪನಿಗೆ ಕಾಕುವಿನಿಂದ ಬಿಡುಗಡೆಯೇ ಇರಲಿಲ್ಲ. "ಚಕ್ರ ಎಲ್ಲೈತಿ?" "ಚಕ್ರ ಇಲ್ಲ ಕಾಕು. ಈ ಕೆಂಪು ದೀಪ ಮಿಣುಕತೈತಿ." "ತಿರುಗದ ಹೆಂಗ ಎಣಸತೈತಿ?" ಯಲ್ಲಪ್ಪ ನನ್ನ ಕಡೆ ಕೈ ತೋರಿಸಿದ. ನಮ್ಮ ಸಾಲೆಯ ವಿಜ್ಞಾನದ ಸರ್ ಹತ್ತಿರ ಕೇಳಿಕೊಂಡು ಬಂದು ನಾನು ಬಿಡಿಸಿ ಹೇಳಿದಾಗ ಕಾಕು ಸೂಜಿ ಪಕ್ಕಕ್ಕಿಟ್ಟು ಕೇಳಿದಳು. "ಅರ್ಧಾ ತಿಳೀತು. ಉಳದದ್ದು ನಿಮಗೂ ತಿಳಿದಂಗ ಕಾಣಂಗಿಲ್ಲ," ಎಂದಳು. ಖರೆ ಮಾತು.

ಮೂಡಲಗಿಗೆ ಕೊಟ್ಟಿದ್ದ ಮಗಳ ಬಾಣಂತನಕ್ಕೆಂದು ಹೋದ ಕಾಕು ಮೊಮ್ಮಗನ ಹಿಂದೆ ಅಲ್ಲೇ ಉಳಿದಳು. ಕಬ್ಬಿನ ಗಾಡಿಗಳು ರಸ್ತೆ ತುಂಬ ಸಾಲುಗಟ್ಟಿದ್ದ ದಿನಗಳಲ್ಲಿ ಒಮ್ಮೆ ನೋಡಲು ಹೋಗಿದ್ದೆ. ಆಕೆ ಸೊರಗಿದ್ದಳು, ನಡೆದರೆ ಉಸಿರು ಹತ್ತುತ್ತಿತ್ತು. ಆದರೂ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಹಟ ಮಾಡಿ ಬಂದಳು. ಬಸ್ ಬಿಡುವಾಗ ಕಿಟಕಿಯ ಹತ್ತಿರ ಬಂದು, ಸರಳು ಹಿಡಿದು ಏನೋ ಕೇಳಿದಳು. ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. "ಏನ್ರಿ ಕಾಕು?" ಎಂದು ಕೂಗಿದೆ. ಆಕೆ ಮತ್ತೊಮ್ಮೆ ಕೇಳಿದಳು. ಬಸ್ಸು ತಿರುಗಿತು. ಮುಂದಿನ ಸಲ ಬಂದಾಗ ಕೇಳಿದರಾಯಿತು ಎಂದುಕೊಂಡು ಕೈಬೀಸಿದೆ.

ಮುಂದಿನ ಸಲ ನಾನು ಮೂಡಲಗಿಗೆ ಹೋದದ್ದು ಆಕೆಯ ಮಣ್ಣಿಗೆ. ಬಸ್ಸಿನ ಕಿಟಕಿ ಹಿಡಿದು ಆಕೆ ಏನು ಕೇಳಿದಳೋ ಇನ್ನೂ ಗೊತ್ತಿಲ್ಲ.